ಗೊಬ್ಬರದ ಡಬ್ಬಿಯ ಉಪವಾಸ

ನಮ್ಮ ಮನೆಯನ್ನು ಸುಧಾರಿಸುತ್ತೇನೆಂದು ಯಾರಾದರೂ ಹೊರಟರೆ ಸಾಕು, ಏನಾದರೊಂದು ಫಜೀತಿ ಆಗಿಯೇ ಆಗುತ್ತದೆ. ಮದುವೆಯಾದ ಹೊಸದರಲ್ಲಿ ನಾನು ಹೊರಟಿದ್ದೆ, ಕೈಸೋತು ಸುಮ್ಮನಾದೆ. ಆಮೇಲೆ ಯಜಮಾನರು ಹೊರಟರು. ಅವರನ್ನು ಅತ್ತೆ ಮೊದಲ ದಿನವೇ ಗದರಿಸಿ ಕೂರಿಸಿದರು. ಈ ಸಲ ಹೊರಟವಳು ಕಾಲೇಜಿಗೆ ಹೋಗುವ ನನ್ನ ಮಗಳು.

ಸೀವುಡ್ಸಿನ ನಮ್ಮ ಫ್ಲ್ಯಾಟಿನಲ್ಲಿ ನಾವು ನಾಲ್ಕೇ ಜನ. ಉಡುಪಿ ಕಡೆಯ ಅತ್ತೆ, ಠಾಣೆಯ ನೌಪಾಡಾದಲ್ಲಿ ಪುಟ್ಟ ವೆಜ್ ಹೊಟೇಲು ನಡೆಸುವ ಯಜಮಾನರು, ಆಫೀಸಿಗೆ ಹೋಗುವ ನಾನು ಮತ್ತು ಭೂಮಿಯನ್ನು ಉಳಿಸಲು ಹೊರಟ ಮಗಳು. ಅವಳಿಗೆ ಬಹಳ ದಿನದಿಂದ ಒಂದೇ ಆಸೆ. ಕಟ್ಟಡದ ಟೆರೇಸಿನಲ್ಲಿ ತರಕಾರಿ ತೋಟ ಮಾಡಬೇಕು. ಸೊಸೈಟಿಯ ಸೆಕ್ರೆಟರಿಗೆ ಅಲ್ಲಿ ಟೇಬಲ್ ಟೆನಿಸ್ ಮೇಜು ಹಾಕಿಸುವ ಆಸೆ. ಮೀಟಿಂಗಿನಲ್ಲಿ ಜಗಳವಾಗಿ ಕೊನೆಗೆ ಸೆಕ್ರೆಟರಿ ಹೇಳಿದರು: "ಮೊದಲು ನಿನ್ನ ಮನೆಯ ಕಸದಲ್ಲಿ ಗೊಬ್ಬರ ಮಾಡಿ ತೋರಿಸು ಬೇಟಾ. ಬರುವ ತಿಂಗಳ ಮೊದಲ ಭಾನುವಾರ ಕಮಿಟಿ ನಿಮ್ಮ ಮನೆಗೆ ಬರ್ತದೆ. ಗೊಬ್ಬರ ಕಂಡರೆ ಟೆರೇಸ್ ನಿನ್ನದು, ಇಲ್ಲದಿದ್ದರೆ ಟೇಬಲ್ ಟೆನಿಸ್."

ಮಗಳು ಎಲ್ಲರೆದುರು ಎದ್ದು ನಿಂತು ಒಪ್ಪಿಕೊಂಡಳು. ಮನೆಯಲ್ಲಿ ಅಜ್ಜಿ ಇದ್ದಾರೆ ಎಂಬುದು ಆ ಹುಮ್ಮಸ್ಸಿನಲ್ಲಿ ಅವಳಿಗೆ ಮರೆತೇ ಹೋಗಿತ್ತು.

೧. ಕವರಿನೊಳಗಿನ ಚೀಲ

ಗೊಬ್ಬರಕ್ಕೆ ಮೊದಲು ಪ್ಲಾಸ್ಟಿಕ್ಕನ್ನು ಮನೆಯಿಂದ ಓಡಿಸಬೇಕೆಂದು ಮಗಳ ಹಟ. ಅತ್ತೆಯ ಹಾಸಿಗೆ ಎತ್ತಿ ನೋಡಿದರೆ ಕೆಳಗೆ ಇನ್ನೊಂದು ಹಾಸಿಗೆ. ಬರೀ ಕವರುಗಳದ್ದು! ಸೀರೆ ಅಂಗಡಿಯದ್ದು, ಬೇಕರಿಯದ್ದು, ಯಾರದೋ ಮುಂಜಿಯಲ್ಲಿ ತಾಂಬೂಲ ಕೊಟ್ಟದ್ದು, ಎಲ್ಲವೂ ನೀಟಾಗಿ ಮಡಚಿ ಇಸ್ತ್ರಿ ಹಾಕಿದ ಹಾಗೆ ಕೂತಿದ್ದವು.

"ಅಜ್ಜಿ, ಯೇ ಸಬ್ ಬಂದ್! ಅಬ್ ಸೇ ಸಿರ್ಫ್ ಕಪಡೇ ಕೀ ಥೈಲಿ," ಎಂದಳು ಮಗಳು. ಇನ್ನು ಮೇಲೆ ಬಟ್ಟೆ ಚೀಲ ಮಾತ್ರವಂತೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಹಿಂದಿ. ಇಲ್ಲೇ ಇಷ್ಟು ವರ್ಷ ಕಳೆದರೂ ಅತ್ತೆಗೆ ಹಿಂದಿ ಮಾತಾಡಲು ಬಾರದು. ಆದರೂ ಇಬ್ಬರ ಜಗಳಕ್ಕೆ ಭಾಷೆಯ ತೊಂದರೆ ಯಾವತ್ತೂ ಆದದ್ದಿಲ್ಲ.

ಬಟ್ಟೆ ಚೀಲಗಳನ್ನು ಆನ್‌ಲೈನಿನಲ್ಲಿ ತರಿಸಿದಳು. ಬಂದವು. ಒಂದೊಂದು ಚೀಲಕ್ಕೂ ಒಂದೊಂದು ದಪ್ಪ ಪ್ಲಾಸ್ಟಿಕ್ ಕವರು, ಎಲ್ಲಕ್ಕೂ ಮೇಲೆ ಇನ್ನೊಂದು ದೊಡ್ಡ ಕವರು. ಮಗಳ ಮುಖ ಸಪ್ಪಗಾಯಿತು. ಅತ್ತೆ ಮಾತ್ರ ಕವರುಗಳನ್ನು ಮುಟ್ಟಿ ಮುಟ್ಟಿ ನೋಡಿ ಹಿಗ್ಗಿದರು.

"ಎಷ್ಟು ಗಟ್ಟಿ ಉಂಟು ಮಾರಾಯ್ತಿ! ಒಳಗಿನ ಚೀಲ ಬೇಡದಿದ್ರೆ ವಾಪಸ್ ಕೊಡು ಮಗಾ. ಕವರು ಇನ್ನೊಂದು ಡಜನ್ ತರಿಸು."

೨. ಯಜಮಾನರ ಸ್ನಾನ

ಮುಂದಿನ ಸರದಿ ನೀರಿನದು. ಒಮ್ಮೆ ಬಳಸಿದ ನೀರನ್ನು ಮತ್ತೊಮ್ಮೆ ಬಳಸಬೇಕೆಂದು ಮಗಳು ಅಪ್ಪಣೆ ಹೊರಡಿಸಿದಳು. ಈ ವಿಷಯದಲ್ಲಿ ಅಜ್ಜಿ ಮೊಮ್ಮಗಳದ್ದು ಪೂರ್ತಿ ಒಂದೇ ಪಕ್ಷ. ಅಕ್ಕಿ ತೊಳೆದ ನೀರು, ಉದ್ದು ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲವೂ ಒಂದು ಬಕೆಟ್ಟಿಗೆ ಬಿದ್ದವು. ಅಡುಗೆ ಮನೆಯಲ್ಲಿ ಜಾಗವಿಲ್ಲದ್ದಕ್ಕೆ ಅತ್ತೆ ಆ ಬಕೆಟ್ಟನ್ನು ಬಾತ್‌ರೂಮಿನಲ್ಲಿಟ್ಟರು.

ಯಜಮಾನರು ಬೆಳಗಿನ ಗಾಡಿ ಹಿಡಿಯುವ ಗಡಿಬಿಡಿಯವರು. ಕನ್ನಡಕ ತೆಗೆದರೆ ಅವರಿಗೆ ನೀರೂ ಒಂದೇ, ಗಂಜಿಯೂ ಒಂದೇ. ಸ್ನಾನ ಮುಗಿಸಿ, ತಲೆ ಬಾಚಿ, ಹಣೆಗೆ ಗಂಧ ಇಟ್ಟು ಹೊರಟೇ ಬಿಟ್ಟರು. ಹೊಟೇಲಿನ ಗಲ್ಲಾದಲ್ಲಿ ಕೂತ ಮೇಲೆ ದಿನಾ ಬರುವ ಗಿರಾಕಿಯೊಬ್ಬರು ಅವರ ಕೂದಲಿನಿಂದ ಏನನ್ನೋ ಹೆಕ್ಕಿ ಮೇಜಿನ ಮೇಲಿಟ್ಟರಂತೆ. ಒಂದು ಉದ್ದಿನ ಬೇಳೆ. ಹಿಂದೆಯೇ ಇನ್ನೊಂದು ಸಿಕ್ಕಿತು.

"ಅಣ್ಣಾ, ಇವತ್ತು ವಡೆ ಹಿಟ್ಟು ಎಲ್ಲಿ ರುಬ್ಬಿದಿರಿ?" ಎಂದು ಕೇಳಿ ಆ ಗಿರಾಕಿ ಅವತ್ತು ಬರೀ ಚಹಾ ಕುಡಿದು ಎದ್ದು ಹೋದರಂತೆ.

೩. ಡಬ್ಬಿ ಬಂತು, ಊಟ ಬರಲಿಲ್ಲ

ಇಷ್ಟಾದ ಮೇಲೆ ಮನೆಗೆ ಗೊಬ್ಬರದ ಡಬ್ಬಿ ಬಂತು. ಹಸಿರು ಬಣ್ಣ, ಗಾಳಿಯಾಡಲು ಸುತ್ತಲೂ ತೂತು, ಚಂದದ ಮುಚ್ಚಳ. ಬಾಲ್ಕನಿಯಲ್ಲಿ ಅದನ್ನಿಟ್ಟು ಮಗಳು ಅದಕ್ಕೊಂದು ಫೋಟೋ ತೆಗೆದಳು. ತರಕಾರಿ ಸಿಪ್ಪೆಯನ್ನೆಲ್ಲ ಇದಕ್ಕೆ ಹಾಕಬೇಕು ಎಂದು ಎಲ್ಲರಿಗೂ ಹೇಳಿದಳು.

ಒಂದು ವಾರ ಕಳೆದು ಮುಚ್ಚಳ ತೆಗೆದರೆ ಡಬ್ಬಿ ತೊಳೆದಿಟ್ಟ ಹಾಗೆ ಇತ್ತು. ಇರದೆ ಏನು? ನಮ್ಮ ಮನೆಯಲ್ಲಿ ಸಿಪ್ಪೆ ಎಂಬುದು ಉಳಿದರೆ ತಾನೆ! ಹೀರೆಕಾಯಿಯ ಸಿಪ್ಪೆ ಚಟ್ನಿಗೆ ಹೋಗುತ್ತದೆ. ಬಾಳೆಕಾಯಿಯದ್ದು ಪಲ್ಯಕ್ಕೆ, ಕಿತ್ತಳೆಯದ್ದು ಗೊಜ್ಜಿಗೆ. ದಾಳಿಂಬೆಯ ಸಿಪ್ಪೆ ಒಣಗಿ ತಂಬುಳಿಯಾಗುತ್ತದೆ. ತೆಂಗಿನ ನಾರು ಪಾತ್ರೆ ತಿಕ್ಕಲು, ಚಹಾದ ಚರಟ ಕರಿಬೇವಿನ ಕುಂಡಕ್ಕೆ. ನಾನು ಮದುವೆಯಾಗಿ ಬಂದಾಗ ಈ ಮನೆಯಲ್ಲಿ ತರಕಾರಿಗಿಂತ ಸಿಪ್ಪೆಗೇ ಹೆಚ್ಚು ಮರ್ಯಾದೆ ಎಂದು ಅಮ್ಮನಿಗೆ ಫೋನಿನಲ್ಲಿ ದೂರಿದ್ದೆ. ಈಗಲೂ ಹಾಗೇ ಇದೆ.

"ಅಜ್ಜಿ, ಪ್ಲೀಸ್! ಡಬ್ಬೇ ಕೋ ಭೀ ಕುಛ್ ದೋ ನಾ!" ಎಂದು ಡಬ್ಬಿಗೂ ಏನಾದರೂ ಕೊಡುವಂತೆ ಮಗಳು ಗೋಗರೆದಳು.

ಅತ್ತೆ ಡಬ್ಬಿಯನ್ನೊಮ್ಮೆ, ಮೊಮ್ಮಗಳನ್ನೊಮ್ಮೆ ನೋಡಿದರು. "ತಿನ್ನುವ ವಸ್ತುವನ್ನು ಡಬ್ಬಿಗೆ ಹಾಕುದಾ? ನಿನಗೆ ಹಸಿವಾದ್ರೆ ಹೇಳು ಮಗಾ, ಮಾಡಿ ಹಾಕ್ತೇನೆ. ಡಬ್ಬಿಗೆ ಎಂತ ಹಸಿವು?"

೪. ಹೊಟೇಲಿನ ಚೀಲ

ಮನೆಯಲ್ಲಿ ಸಿಗದಿದ್ದರೆ ಹೊಟೇಲಿನಲ್ಲಿ ಸಿಗುತ್ತದಲ್ಲ ಎಂದು ಯಜಮಾನರಿಗೆ ಹೇಳಿದೆವು. ಅವರು ಮೊದಲು ಮುಖ ಸಿಂಡರಿಸಿದರು. "ನಮ್ಮ ಹೊಟೇಲಿನಲ್ಲಿ ವೇಸ್ಟ್ ಎಲ್ಲಿಂದ ಬರ್ಬೇಕು? ನನಗೆ ಕೆಲಸ ಕಲಿಸಿದ್ದು ಅಮ್ಮನೇ ಅಲ್ವಾ?" ಎಂದರು. ಮಗಳ ಕಣ್ಣಲ್ಲಿ ನೀರು ಕಂಡ ಮೇಲೆ ಒಪ್ಪಿದರು.

ಒಂದು ಸಂಜೆ ಠಾಣೆಯಿಂದ ಲೋಕಲ್ ಹತ್ತಿದ ಅವರ ಕೈಯಲ್ಲಿ ದೊಡ್ಡದೊಂದು ಚೀಲ. ಒಳಗೆ ಕೋಸಿನ ಹೊರ ಎಲೆ, ಕೊತ್ತಂಬರಿ ದಂಟು, ಕ್ಯಾರೆಟ್ಟಿನ ತುದಿ. ಗಾಡಿಯ ಅಲುಗಾಟಕ್ಕೆ ಚೀಲದ ಬಾಯಿ ಬಿಚ್ಚಿ ಎದುರಿಗೆ ಕೂತವರ ಮಡಿಲಿಗೆ ಒಂದು ಕೋಸಿನ ಎಲೆ ಬಿತ್ತು. "ಕಾಯ್ ಭಾವ್, ಭಾಜಿ ವಿಕತಾ ಕಾ?" ಎಂದು ಅವರು ಕೇಳಿದರಂತೆ. ತರಕಾರಿ ಮಾರುತ್ತೀರಾ ಎಂದು. ಗಂಡಸರ ಮಾನ ಎಷ್ಟು ಸಣ್ಣ ಎಲೆಯಿಂದ ಹೋಗುತ್ತದೆ ನೋಡಿ. ಕಸ ಒಯ್ಯುತ್ತಿದ್ದೇನೆ ಎನ್ನಲು ನಾಚಿಕೆಯಾಗಿ ಯಜಮಾನರು ಹೌದೆಂದುಬಿಟ್ಟರು. ಪಾಪ, ಕೋಪರಖೈರಣೆ ಬರುವವರೆಗೂ ಆ ಮನುಷ್ಯ ಕೊತ್ತಂಬರಿಯ ರೇಟು ಕೇಳುತ್ತಲೇ ಇದ್ದರಂತೆ.

ಚೀಲವನ್ನು ಅಡುಗೆ ಕಟ್ಟೆಯ ಮೇಲಿಟ್ಟು ಅವರು ಕೈಕಾಲು ತೊಳೆಯಲು ಹೋದರು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಮನೆಯೆಲ್ಲ ಒಗ್ಗರಣೆಯ ಪರಿಮಳ. ದಂಟು ಸಾರಾಗಿತ್ತು, ಎಲೆ ಪಲ್ಯವಾಗಿತ್ತು. ಅತ್ತೆಯ ಕಣ್ಣು ತುಂಬಿತ್ತು.

"ಮದುವೆಯಾದ ಮೇಲೆ ಮೊದಲ ಸಲ ಕೇಳದೇ ಮನೆಗೆ ತರಕಾರಿ ತಂದ ನೋಡು ನನ್ನ ಮಗ," ಎಂದರು.

೫. ವಹಿನಿಯ ಕನಿಕರ

ಭಾನುವಾರಕ್ಕೆ ಕೆಲವೇ ದಿನ ಉಳಿದಿತ್ತು. ಪೂರ್ತಿ ಗೊಬ್ಬರವಾಗದಿದ್ದರೂ ಅರ್ಧ ಕೊಳೆತದ್ದನ್ನಾದರೂ ತೋರಿಸಬೇಕಲ್ಲ! ಮಗಳು ಊಟ ಬಿಟ್ಟು ಕೂತಳು. ಸಿಕ್ಕದ್ದೆಲ್ಲ ಬಾಣಲೆಗೆ ಹಾಕುವ ಅತ್ತೆಯ ಮೇಲೆ ನನಗೆ ಸಿಟ್ಟು ಬಂತು. ಮರ್ಯಾದೆ ಪಕ್ಕಕ್ಕಿಟ್ಟು ಕೆಳಗಿನ ಮಹಡಿಗೆ ಇಳಿದು ಸೆಕ್ರೆಟರಿಯ ಮನೆಯ ಬೆಲ್ ಒತ್ತಿದೆ. ಅವರ ಹೆಂಡತಿ ಬಾಗಿಲು ತೆಗೆದರು. ಮರಾಠಿ ಹೆಂಗಸು, ಒಳ್ಳೆಯ ಮನಸ್ಸಿನವರು. ನಾನು ಅವರನ್ನು ವಹಿನಿ, ಅಂದರೆ ಅತ್ತಿಗೆ, ಎನ್ನುತ್ತೇನೆ.

"ವಹಿನಿ, ನಿಮ್ಮ ತರಕಾರಿ ಸಿಪ್ಪೆ ಬಿಸಾಡಬೇಡಿ, ನನಗೆ ಕೊಡ್ತೀರಾ?" ಎಂದು ಹಿಂದಿಯಲ್ಲಿ ಕೇಳಿದೆ. ನಿಮ್ಮ ಗಂಡ ಒಡ್ಡಿದ ಪರೀಕ್ಷೆಗೆ ನಿಮ್ಮದೇ ಕಸ ಎಂದು ಹೇಳಲು ಬಾಯಿ ಬರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ತೊದಲಿದೆ. "ಅದು... ಮನೆಯಲ್ಲಿ ಏನೂ ಉಳಿಯೋದಿಲ್ಲ, ಅದಕ್ಕೆ."

ವಹಿನಿಯ ಮುಖ ಇಳಿದುಹೋಯಿತು. ನನ್ನ ಕೈ ಹಿಡಿದು, "ಹೊಟೇಲು ಸರಿಯಾಗಿ ನಡೀತಿಲ್ವಾ?" ಎಂದು ಮೆಲ್ಲಗೆ ಕೇಳಿದರು. ಇಲ್ಲ, ನಡೀತಿದೆ ಎಂದರೆ ನಂಬಲಿಲ್ಲ. ಒಂದು ಡಬ್ಬ ಸಿಪ್ಪೆಯ ಜೊತೆ ಒಂದು ಚೀಲ ಬಟಾಟೆ, ಒಂದು ಪ್ಯಾಕೆಟ್ ಅವಲಕ್ಕಿ ಕೈಗಿತ್ತು, "ಸಂಕೋಚ ಮಾಡ್ಕೋಬೇಡಿ. ಮಗಳನ್ನು ಮಾತ್ರ ಉಪವಾಸ ಕೆಡವ್ಬೇಡಿ," ಎಂದು ಕಣ್ಣೊರೆಸಿಕೊಂಡರು.

ಮರುದಿನ ಲಿಫ್ಟಿನಲ್ಲಿ ಸಿಕ್ಕವರೆಲ್ಲ ಯಜಮಾನರ ಬೆನ್ನು ತಟ್ಟಿ ಧೈರ್ಯ ಹೇಳಿದರಂತೆ. ಅವರು ಮನೆಗೆ ಬಂದು, "ನನಗೆ ಎಂತ ಕಾಯಿಲೆ ಅಂತ ನೀವೆಲ್ಲ ಮುಚ್ಚಿಟ್ಟಿದ್ದೀರಿ?" ಎಂದು ಕೇಳಿದರು.

೬. ಕಮಿಟಿ ಬಂತು

ಆ ಸಿಪ್ಪೆಯೂ ಡಬ್ಬಿ ಸೇರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಕೊನೆಯ ಆಸೆಯಾಗಿ ಭಾನುವಾರ ಬೆಳಿಗ್ಗೆ ವಹಿನಿಯ ಮನೆಯಿಂದ ಇನ್ನೊಂದು ಡಬ್ಬ ತಂದೆ. ಚಾಕುವಿನಲ್ಲಿ ನೀಟಾಗಿ ಹೆರೆದ ಕಲ್ಲಂಗಡಿ ಸಿಪ್ಪೆ, ಹೀರೆಕಾಯಿ ಸಿಪ್ಪೆ. ಇದನ್ನು ಮುಟ್ಟಬೇಡಿ ಎಂದು ಅತ್ತೆಗೆ ಹೇಳಿ, ಮಗಳೂ ನಾನೂ ಹಾಲ್ ಗುಡಿಸಲು ಹೋದೆವು. ಮನೆಗೆ ಜನ ಬರುತ್ತಾರೆಂದು ಹೇಳಿದ್ದೇ ತಪ್ಪಾಯಿತು. ಜನ ಬರುವಾಗ ಕೈ ಕಟ್ಟಿ ಕೂರುವ ಜೀವವೇ ಅದು?

ಸೆಕ್ರೆಟರಿ, ವಹಿನಿ ಮತ್ತು ಟ್ರೆಶರರ್ ಹೊತ್ತಿಗೆ ಸರಿಯಾಗಿ ಬಂದರು. ಡಬ್ಬಿ ನೋಡುವ ಮೊದಲೇ ಅತ್ತೆ ಎಲ್ಲರ ಕೈಗೂ ತಟ್ಟೆ ಕೊಟ್ಟರು. ಮೆತ್ತಗಿನ ದೋಸೆ, ಹಸಿರು ಚಟ್ನಿ. ನಾನು ಒಂದೇ ನೋಟಕ್ಕೆ ಗುರುತು ಹಿಡಿದೆ. ಮಗಳೂ ಹಿಡಿದಳು. ಇಬ್ಬರೂ ಗೋಡೆಗೆ ಒರಗಿದೆವು. ಕಮಿಟಿ ಮಾತ್ರ ಮೂರು ಮೂರು ದೋಸೆ ತಿಂದು ಬೆರಳು ನೆಕ್ಕಿತು. ಇಂಥ ದೋಸೆ ಮಾಡುವವರ ಹೊಟೇಲು ಮುಚ್ಚುವುದೆಂದರೆ ಅನ್ಯಾಯ ಎಂದು ಸೆಕ್ರೆಟರಿ ಯಜಮಾನರಿಗೆ ಹೇಳಿದರು. ಯಜಮಾನರು ಗಾಬರಿಯಾಗಿ ನನ್ನತ್ತ ನೋಡಿದರು.

ಆಮೇಲೆ ಬಾಲ್ಕನಿಗೆ ಹೋದರು. ಸೆಕ್ರೆಟರಿ ಡಬ್ಬಿಯ ಮುಚ್ಚಳ ಎತ್ತಿದರು. ಒಳಗೆ ಬಟಾಟೆ! ಗಾಳಿಯಾಡುವ ತೂತು ನೋಡಿ ಅತ್ತೆ ಅದನ್ನು ಬಟಾಟೆ ಡಬ್ಬಿ ಮಾಡಿಕೊಂಡಿದ್ದರು. ವಹಿನಿ ತಾವು ಕೊಟ್ಟ ಬಟಾಟೆಯನ್ನು ಗುರುತಿಸಿ ಬಾಯಿ ಮೇಲೆ ಕೈಯಿಟ್ಟರು. ಮಗಳು ತುಟಿ ಕಚ್ಚಿ ನೆಲ ನೋಡುತ್ತ ನಿಂತಳು. ಅವಳ ತೋಟ ಹೋಯಿತೆಂದೇ ಎಣಿಸಿದೆ.

"ಸುಬಹ್ ಕೇ ಛಿಲ್ಕೇ ಕಿಧರ್ ಹೈ?" ಎಂದರು ವಹಿನಿ, ತಾವು ಬೆಳಿಗ್ಗೆ ಕೊಟ್ಟ ಸಿಪ್ಪೆ ಎಲ್ಲಿ ಎಂದು.

ಕಿಧರ್ ಎಂಬ ಶಬ್ದ ಅತ್ತೆಗೆ ಗೊತ್ತಿತ್ತು. ಅವರು ಖಾಲಿ ತಟ್ಟೆ ತೋರಿಸಿದರು. ಆಮೇಲೆ ವಹಿನಿಯ ಹೊಟ್ಟೆ, ಟ್ರೆಶರರ್ ಹೊಟ್ಟೆ, ಸೆಕ್ರೆಟರಿಯ ಹೊಟ್ಟೆ ಒಂದೊಂದಾಗಿ ತೋರಿಸಿದರು. ಮೊದಲು ನಕ್ಕವರು ವಹಿನಿ. ನಗುತ್ತ ನಗುತ್ತ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. "ಇಷ್ಟು ವರ್ಷ ನಾನು ಎಷ್ಟು ದೋಸೆ ಬಿಸಾಡಿದೆನೋ!" ಎಂದರು.

ಟ್ರೆಶರರ್ ಮಾತ್ರ ಬಿಡುವವರಲ್ಲ. "ಅದೆಲ್ಲ ಸರಿ, ಗೊಬ್ಬರ ಎಲ್ಲಿ? ಯಾವಾಗ ಆಗ್ತದೆ?" ಎಂದು ಹಿಂದಿಯಲ್ಲಿ ಪಟ್ಟು ಹಿಡಿದರು.

ಅವರೇನು ಕೇಳುತ್ತಿದ್ದಾರೆ ಎಂದು ಅತ್ತೆ ನನ್ನನ್ನು ಕೇಳಿದರು. ಹೇಳಿದೆ. ಅತ್ತೆ ಸೆರಗು ಸಿಕ್ಕಿಸಿಕೊಂಡು ನಿಶ್ಚಿಂತೆಯಿಂದ ಉತ್ತರ ಕೊಟ್ಟರು: "ಗೊಬ್ಬರವಾ? ಮೂರೂ ಜನ ಹೊಟ್ಟೆ ತುಂಬ ತಿಂದಾಯ್ತಲ್ಲ. ನಾಳೆ ಬೆಳಿಗ್ಗೆ ಆಗ್ತದೆ ಅಂತ ಹೇಳು."

ಯಜಮಾನರು ಕೆಮ್ಮುತ್ತ ಒಳಗೆ ಓಡಿದರು. ಅಜ್ಜಿ ಏನೆಂದರು ಎಂದು ಕಮಿಟಿಯೆಲ್ಲ ಮಗಳ ಮುಖ ನೋಡಿತು.

"ಅಜ್ಜಿ ಕೆಹ್ ರಹೀ ಹೈ... ಪ್ರೊಸೆಸ್ ಶುರೂ ಹೋ ಚುಕಾ ಹೈ, ಅಂಕಲ್. ಕಲ್ ಸುಬಹ್ ತಕ್ ಖಾದ್ ತೈಯಾರ್." ಕೆಲಸ ಆಗಲೇ ಶುರುವಾಗಿದೆ, ನಾಳೆ ಬೆಳಿಗ್ಗೆಗೆಲ್ಲ ಗೊಬ್ಬರ ತಯಾರು ಎಂದು.

"ಇಷ್ಟು ಬೇಗ!" ಸೆಕ್ರೆಟರಿಯ ಹುಬ್ಬು ಮೇಲೇರಿತು. "ಬೇರೆಯವರಿಗೆ ತಿಂಗಳುಗಟ್ಟಲೆ ಬೇಕಾಗ್ತದೆ. ಶಾಭಾಸ್! ಟೆರೇಸ್ ನಿನ್ನದೇ ಬೇಟಾ. ಆದರೆ ಒಂದು ಮಾತು. ನಾಳೆ ಬೆಳಿಗ್ಗೆ ಯಾರೂ ಮುಂದಾಗಬಾರದು. ಮೊದಲ ಗೊಬ್ಬರ ನಾನೇ ಸ್ವತಃ ಟೆರೇಸಿಗೆ ಬಂದು ಹಾಕ್ತೇನೆ."