ಕ್ಯಾಮಿಲಸನ ಸಿಗಡಿ ಪಾಯಸ

"ಅಡುಗೆ ಅಂದ್ರೆ ಎಂತ ಮಹಾ? ಉಪ್ಪು, ಹುಳಿ, ಖಾರ, ಬೆಂಕಿ. ನಾಲ್ಕನ್ನು ಹದ್ದುಬಸ್ತಿನಲ್ಲಿ ಇಟ್ರೆ ಆಯ್ತು!"

ಹೀಗೆ ಘೋಷಿಸಿದ ದಿನದವರೆಗೆ ಕ್ಯಾಮಿಲಸ್ ತನ್ನ ಬಾಳಿನಲ್ಲಿ ಸ್ವಂತ ಕೈಯಿಂದ ತಯಾರಿಸಿದ್ದ ಖಾದ್ಯಗಳು ಎರಡೇ: ಬೆಂದ ಮೊಟ್ಟೆ ಮತ್ತು ಬೇಯದ ಮೊಟ್ಟೆ. ಯಾವುದು ಯಾವಾಗ ಆಗುತ್ತದೆ ಎಂಬುದು ಒಡೆದು ನೋಡಿದ ಮೇಲೆಯೇ ತಿಳಿಯುತ್ತಿತ್ತು. ಆದರೆ ಅಬುಧಾಬಿಯ ದೊಡ್ಡ ಹೋಟೆಲೊಂದರಲ್ಲಿ ಬೆಡ್‌ಶೀಟು, ಟವೆಲುಗಳ ಸಾಮ್ರಾಜ್ಯವನ್ನು ಆಳುವ ಸೂಪರ್‌ವೈಸರ್ ಅವನು. ಸಾವಿರ ಬೆಡ್‌ಶೀಟುಗಳನ್ನು ಒಂದು ಸುಕ್ಕೂ ಇಲ್ಲದೆ ಮಡಿಸಿ ಇಡಿಸುವವನಿಗೆ ಒಂದು ಪಾತ್ರೆ ಸಾರು ಯಾವ ಲೆಕ್ಕ ಎಂಬುದು ಅವನ ತರ್ಕ.

ಈ ಧೈರ್ಯ ಹುಟ್ಟಿದ್ದು ಭಯದಿಂದ. ಕಚ್ಚಾ ಎಣ್ಣೆಯ ಬೆಲೆ ಪಾತಾಳಕ್ಕೆ ಇಳಿದಿದ್ದ ಕಾಲ ಅದು. ಹೋಟೆಲಿನ ಕೋಣೆಗಳು ಖಾಲಿ. ಇವತ್ತು ಕ್ಯಾಂಟೀನಿನಲ್ಲಿ ಪಕ್ಕದಲ್ಲಿ ಕೂತು ಬಿರಿಯಾನಿ ತಿಂದವನು ಮುಂದಿನ ವಾರ ಮಂಗಳೂರಿನ ವಿಮಾನದಲ್ಲಿ ಇರುತ್ತಿದ್ದ. ಕೆಲಸದಿಂದ ತೆಗೆಯುವವರ ಇನ್ನೊಂದು ಪಟ್ಟಿ ಬರಲಿದೆ ಎಂಬ ಸುದ್ದಿ ಹಬ್ಬಿತ್ತು. ಆ ಪಟ್ಟಿಯನ್ನು ಬರೆಯುವವಳು ತನ್ನ ವಿಭಾಗದ ಮುಖ್ಯಸ್ಥೆ ಮಾರ್ಸೆಲಾ ಎಂದು ಕ್ಯಾಮಿಲಸ್ ತೀರ್ಮಾನಿಸಿದ್ದ.

ಮಾರ್ಸೆಲಾ ದಕ್ಷಿಣ ಅಮೆರಿಕದ ಈಕ್ವೆಡಾರಿನ ಕಡಲತಡಿಯವಳು, ಸ್ಪ್ಯಾನಿಷ್ ಮಾತಿನವಳು. ಒಂದು ಮಧ್ಯಾಹ್ನ ಕಾಫಿ ಕುಡಿಯುತ್ತಾ, ತೆಂಗಿನಹಾಲಿನಲ್ಲಿ ಸಿಗಡಿ ಬೇಯಿಸಿ ಮಾಡುವ 'ಎನ್ಕೊಕಾಡೊ' ಎಂಬ ತನ್ನ ತಾಯಿಯ ಸಾರು ತಿನ್ನದೆ ವರ್ಷಗಳಾದವು ಎಂದು ನಿಟ್ಟುಸಿರು ಬಿಟ್ಟಳು. ಅಲ್ಲಿ ಕ್ಯಾಮಿಲಸನ ಬಾಯಿ ಜಾರಿತು. ಅದು ನಮ್ಮೂರಿನದೇ ಅಡುಗೆ ಮೇಡಂ, ನಮ್ಮ ಮನೆಯಲ್ಲಿ ಅದನ್ನು ನಾನೇ ಮಾಡುವುದು ಎಂದುಬಿಟ್ಟ. ಜಾರಿದ ಬಾಯಿ ಅಲ್ಲಿಗೇ ನಿಲ್ಲದೆ ಶುಕ್ರವಾರ ರಾತ್ರಿಯ ಊಟಕ್ಕೆ ಅವಳನ್ನು ಕರೆದೂ ಆಯಿತು.

ಹೆಂಡತಿ ಲವೀನಾ ಬನಿಯಾಸಿನ ಕ್ಲಿನಿಕ್ಕೊಂದರಲ್ಲಿ ನರ್ಸ್. ಸುದ್ದಿ ಕೇಳಿ ಅವಳು ನಗಲೂ ಇಲ್ಲ, ರೇಗಲೂ ಇಲ್ಲ. ಶುಕ್ರವಾರ ತನಗೆ ಡ್ಯೂಟಿ ಉಂಟು, ಬರುವಾಗ ಸಂಜೆಯಾಗುತ್ತದೆ ಎಂದಷ್ಟೇ ಹೇಳಿದಳು. ಆರು ತಿಂಗಳಿನಿಂದ ಅವಳ ಮಾತು ಇಷ್ಟೇ ಇಷ್ಟು.

ಆ ಜನವರಿಯಲ್ಲಿ ಬಂಟ್ವಾಳದಲ್ಲಿ ಅವಳ ಅಮ್ಮ ತೀರಿಕೊಂಡಾಗ ಲವೀನಾಳ ಪಾಸ್‌ಪೋರ್ಟ್ ವೀಸಾ ನವೀಕರಣಕ್ಕೆಂದು ಕ್ಯಾಮಿಲಸನ ಆಫೀಸಿನಲ್ಲಿ ಇತ್ತು. ದೊಡ್ಡವರ ಬಾಗಿಲು ತಟ್ಟಿ, ತುರ್ತಾಗಿ ಬಿಡಿಸಿಕೊಡಿ ಎಂದು ಕೇಳಬೇಕಿತ್ತು. ಜನರನ್ನು ತೆಗೆಯುತ್ತಿರುವ ಹೊತ್ತಿನಲ್ಲಿ ಅವರ ಕಣ್ಣಿಗೆ ಯಾಕೆ ಬೀಳುವುದು ಎಂದು ಕ್ಯಾಮಿಲಸ್ ಒಂದು ದಿನ ಹಿಂದೆಮುಂದೆ ನೋಡಿದ. ಆ ಒಂದು ದಿನದಲ್ಲಿ ಅಮ್ಮನ ಮಣ್ಣು ಮುಗಿಯಿತು. ಲವೀನಾ ಅಮ್ಮನ ಮುಖವನ್ನು ಕೊನೆಯ ಬಾರಿ ನೋಡಿದ್ದು ಫೋನಿನಲ್ಲಿ, ಅದೂ ಚಿತ್ರ ನಡುವೆ ನಿಂತುಹೋಗಿತ್ತು. ಅವಳು ಅಳಲಿಲ್ಲ. ಗಂಡನನ್ನು ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಮ್ಮನದು ಎಂದು ಆ ಮನೆಯಲ್ಲಿ ಉಳಿದದ್ದು ಒಂದೇ: ಫ್ರೀಜರಿನಲ್ಲಿದ್ದ ಒಂದು ಡಬ್ಬ ಬಫಾತ್ ಪುಡಿ. ಮೆಣಸು, ಕೊತ್ತಂಬರಿ, ಜೀರಿಗೆ, ಅರಸಿನವನ್ನೆಲ್ಲ ಅಂಗಳದ ಬಿಸಿಲಿನಲ್ಲಿ ಒಣಗಿಸಿ, ಕಾಗೆ ಓಡಿಸುತ್ತಾ ಕಾವಲು ಕೂತು, ಅಮ್ಮ ಪ್ರತಿ ಬೇಸಿಗೆಯಲ್ಲಿ ಮಗಳಿಗೆಂದು ಮಾಡಿಸುತ್ತಿದ್ದದ್ದು. ಮೀನಿಗೂ ಅದೇ, ಮಾಂಸಕ್ಕೂ ಅದೇ. ಆ ಡಬ್ಬದಿಂದ ಲವೀನಾ ಜನವರಿಯಿಂದೀಚೆಗೆ ಒಂದು ಚಿಟಿಕೆಯನ್ನೂ ತೆಗೆದಿರಲಿಲ್ಲ. ದಿನದ ಅಡುಗೆಗೆ ಅಂಗಡಿಯ ಪುಡಿ. ಒಮ್ಮೊಮ್ಮೆ ಡ್ಯೂಟಿಯಿಂದ ಬಂದು, ಫ್ರೀಜರ್ ತೆರೆದು, ಮುಚ್ಚಳ ಎತ್ತಿ ಒಮ್ಮೆ ಮೂಸಿ, ಮತ್ತೆ ಮುಚ್ಚಿ ಒಳಗಿಡುತ್ತಿದ್ದಳು. ಕ್ಯಾಮಿಲಸ್ ಅದನ್ನು ನೋಡಿಯೂ ನೋಡದವನಂತೆ ಟಿವಿಯ ಸದ್ದು ಹೆಚ್ಚಿಸುತ್ತಿದ್ದ.

ಶುಕ್ರವಾರ ಬೆಳಿಗ್ಗೆ ಹೊರಡುವಾಗ ಲವೀನಾ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು.

"ಫ್ರೀಜರಿನ ಡಬ್ಬ ಒಂದನ್ನು ಮುಟ್ಬೇಡಿ. ಮತ್ತೆಂತ ಬೇಕಾದ್ರೂ ಸುಟ್ಟುಹಾಕಿ."

"ನಾನೆಂತ ಸಣ್ಣ ಮಗುವಾ?" ಎಂದ ಕ್ಯಾಮಿಲಸ್.

ಯುದ್ಧಸಿದ್ಧತೆ ಹಿಂದಿನ ದಿನವೇ ಮುಗಿದಿತ್ತು. ಬಂದರಿನ ಮೀನು ಮಾರುಕಟ್ಟೆಯಿಂದ ಐದು ಕಿಲೋ ಸಿಗಡಿ ಬಂದು ಫ್ರೀಜರ್ ಸೇರಿತ್ತು. ಉಣ್ಣುವವರು ನಾಲ್ಕು ಮಂದಿ, ಐದು ಕಿಲೋ ಯಾಕೆ ಎಂದು ಕೇಳಬಾರದು; ನೌಕರಿಯ ಪ್ರಶ್ನೆ! ಇನ್ನು ತೆಂಗಿನಹಾಲು. ಸೂಪರ್‌ಮಾರ್ಕೆಟ್ಟಿನಲ್ಲಿ ಲವೀನಾ ಯಾವಾಗಲೂ ತರುವ ಡಬ್ಬ ಕೈಗೆಟಕುವಲ್ಲೇ ಇತ್ತು. ಅದನ್ನು ಅವನು ಮೂಸಿಯೂ ನೋಡಲಿಲ್ಲ. ಸ್ಪ್ಯಾನಿಷ್ ಅಡುಗೆಗೆ ಸ್ಪ್ಯಾನಿಷ್ ತೆಂಗೇ ಆಗಬೇಕಲ್ಲ! ಹುಡುಕಿ ಹುಡುಕಿ, ಜ್ಯೂಸು ಶರಬತ್ತುಗಳ ಸಾಲಿನಲ್ಲಿ ಸ್ಪ್ಯಾನಿಷ್ ಅಕ್ಷರದ ಡಬ್ಬಗಳನ್ನು ಪತ್ತೆಹಚ್ಚಿ ಮೂರು ತಂದ. ಶರಬತ್ತಿನ ಸಾಲಿನಲ್ಲಿ ಅದು ಯಾಕಿದೆ ಎಂದು ಒಂದು ಕ್ಷಣ ಯೋಚಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮೊದಲ ಸೋಲು ಫ್ರೀಜರಿನಲ್ಲೇ ಆಯಿತು. ಸಿಗಡಿಯ ಚೀಲ ಹಿಮಕ್ಕೆ ಅಂಟಿಕೊಂಡು ಕೂತಿತ್ತು. ಎಳೆದರೆ ಬರಲಿಲ್ಲ. ಸ್ಕ್ರೂಡ್ರೈವರ್ ತಂದು ಕೆತ್ತಬೇಕಾದರೆ ಮುಂದಿದ್ದ ಸಾಮಾನೆಲ್ಲ ಹೊರಗೆ ಬರಬೇಕು. ಅಮ್ಮನ ಡಬ್ಬವನ್ನು ಅವನು ಎರಡೂ ಕೈಯಲ್ಲಿ ಎತ್ತಿ, ಪಾದ್ರಿಗಳು ಬಲಿಪೂಜೆಯ ಪಾನಪಾತ್ರೆ ಇಡುವ ಭಕ್ತಿಯಿಂದ ಒಲೆಯ ಪಕ್ಕದ ಕಟ್ಟೆಯ ಮೇಲೆ ಇಟ್ಟ. ಚೀಲ ಬಿಡಿಸಿದ ಕೂಡಲೇ ಒಳಗಿಡುವುದೆಂದು ಮನಸ್ಸಿನಲ್ಲಿತ್ತು. ಅಷ್ಟರಲ್ಲಿ ಮಾರ್ಸೆಲಾಳ ಫೋನು ಬಂತು. ಮೊಹಮ್ಮದ್ ಬಿನ್ ಜಾಯೆದ್ ಸಿಟಿ ಎಂಬ ಆ ಬಡಾವಣೆಯಲ್ಲಿ ಒಂದರಂತೆ ಇನ್ನೊಂದಿರುವ ವಿಲ್ಲಾಗಳ ನಡುವೆ ತನ್ನ ಮನೆ ಯಾವುದೆಂದು ವಿವರಿಸಿ ಮುಗಿಸುವಷ್ಟರಲ್ಲಿ ಡಬ್ಬದ ನೆನಪು ಹಾರಿಹೋಯಿತು.

ಗಲ್ಫಿನ ನಮ್ಮ ಮನೆಗಳಲ್ಲಿ ಹಾಲಿನ ಪುಡಿಯ ಹಳದಿ ಡಬ್ಬ ಒಮ್ಮೆ ಒಳಗೆ ಬಂದರೆ ಮತ್ತೆ ಹೊರಗೆ ಹೋಗುವ ಮಾತಿಲ್ಲ. ಹಾಲಿನ ಪುಡಿ ಮುಗಿದ ಮೇಲೆ ಅದು ಬೇಳೆಗೆ, ಸಕ್ಕರೆಗೆ, ಸೂಜಿದಾರಕ್ಕೆ. ಅಮ್ಮನ ಪುಡಿ ಇದ್ದದ್ದೂ ಹಳದಿ ಡಬ್ಬದಲ್ಲಿ. ಅಂಗಡಿಯ ಪುಡಿ ಇದ್ದದ್ದೂ ಅಂಥದ್ದೇ ಹಳದಿ ಡಬ್ಬದಲ್ಲಿ, ಅದೇ ಕಟ್ಟೆಯ ಮೇಲೆ.

ಸಂಜೆಯ ಹೊತ್ತಿಗೆ ಈರುಳ್ಳಿ, ದೊಣ್ಣೆಮೆಣಸು, ಬೆಳ್ಳುಳ್ಳಿ ಬಾಡಿ, ಸಿಗಡಿ ಕೆಂಪಾಗಿ, ಮೂರು ಡಬ್ಬ ಸ್ಪ್ಯಾನಿಷ್ ತೆಂಗು ಬಿದ್ದು ಸಾರು ಕೊತಕೊತ ಕುದಿಯಿತು. ರುಚಿ ನೋಡಲು ಮಗಳು ಆನ್ ಮರಿಯಾಳನ್ನು ಕರೆದ. ಅವಳು ಚಮಚ ನೆಕ್ಕಿ ತಂದೆಯ ಮುಖ ನೋಡಿದಳು.

"ಪಪ್ಪಾ, ಈಸ್ ದಿಸ್ ಡೆಸರ್ಟ್?"

ಕ್ಯಾಮಿಲಸ್ ತಾನೂ ಒಂದು ಚಮಚ ಬಾಯಿಗಿಟ್ಟ. ಪಾಯಸ! ಬೆಳ್ಳುಳ್ಳಿ ಹಾಕಿದ ಸಿಗಡಿ ಪಾಯಸ! ಶರಬತ್ತಿಗೆ ಬೆರೆಸಲೆಂದೇ ಸಕ್ಕರೆ ಸುರಿದು ಮಾಡಿದ ತೆಂಗು ಅದು. ಹುಳಿಯಿಂದ ಸಿಹಿಯನ್ನು ಹೊಡೆಯೋಣವೆಂದು ಲಿಂಬೆ ಹಿಂಡಿದ. ಸಿಹಿ ಅಲುಗಲಿಲ್ಲ. ವಿನೆಗರ್ ಸುರಿದ. ಹುಣಸೆ ಹಾಕಿದ. ಈಗ ಸಿಹಿ ಇದ್ದಲ್ಲೇ ಇದ್ದು, ಹುಳಿ ಪಕ್ಕದಲ್ಲಿ ಬೇರೆ ಸಂಸಾರ ಹೂಡಿತು. ಉಳಿದದ್ದು ಖಾರ. ಅಷ್ಟರಲ್ಲಿ ಬಾಗಿಲ ಕರೆಗಂಟೆ ಹೊಡೆದುಕೊಂಡಿತು. ಕೈಗೆ ಸಿಕ್ಕಿದ ಹಳದಿ ಡಬ್ಬ ತೆರೆದು ಒಂದು ಚಮಚ ಹಾಕಿದ. ಸಾಲಲಿಲ್ಲ. ಇನ್ನೆರಡು. ಮತ್ತೆ ಗಂಟೆ. ನೌಕರಿ ಬಾಗಿಲಲ್ಲಿ ನಿಂತು ಕರೆಯುತ್ತಿರುವಾಗ ಚಮಚದ ಲೆಕ್ಕ ಯಾರಿಗೆ ಬೇಕು? ಡಬ್ಬವನ್ನೇ ಬೋರಲು ಹಾಕಿದ.

ಘಮ್ಮೆಂದು ಪರಿಮಳ ಎದ್ದಿತು. ಅಂಗಡಿಯ ಪುಡಿಗೆ ಇಂಥ ಪರಿಮಳ ಎಲ್ಲಿಂದ ಬರಬೇಕು ಎಂದು ಅವನಿಗೆ ಆಗಲೇ ಅನುಮಾನ ಬರಬೇಕಿತ್ತು. ಅವನು ಅದನ್ನು ತನ್ನ ಕೈಗುಣ ಎಂದುಕೊಂಡ.

ಮಾರ್ಸೆಲಾ ಹೂವಿನ ಗುಚ್ಛ ಹಿಡಿದು ಬಂದಳು. ಅವಳ ಹಿಂದೆಯೇ ಲವೀನಾ, ಯೂನಿಫಾರ್ಮಿನಲ್ಲೇ. ಎಲ್ಲರೂ ಕೂತರು. ಮಾರ್ಸೆಲಾ ಮೊದಲ ಚಮಚಕ್ಕೆ ಕೆಮ್ಮಿದಳು, ಎರಡನೆಯದಕ್ಕೆ ನೀರು ಕುಡಿದಳು, ಆಮೇಲೆ ನಗುತ್ತಲೇ ನಿಜ ಹೇಳಿದಳು: ಇದು ಎನ್ಕೊಕಾಡೊ ಅಲ್ಲ, ಆದರೂ ಕರೆದದ್ದಕ್ಕೆ ಸಂತೋಷವಾಯಿತು. ಪಟ್ಟಿಯ ಮಾತನ್ನೂ ಅವಳೇ ಎತ್ತಿದಳು. ಅದು ತನ್ನ ಕೈಯಲ್ಲಿ ಇಲ್ಲವಂತೆ, ಮೇಲಿನ ಆಫೀಸಿನಿಂದ ನೇರ ಬರುತ್ತದಂತೆ. ಅದರಲ್ಲಿ ತನ್ನ ಹೆಸರೇ ಇರಬಹುದೆಂದು ಅವಳಿಗೂ ನಿದ್ದೆ ಇಲ್ಲವಂತೆ. ಐದು ಕಿಲೋ ಸಿಗಡಿ ಕ್ಯಾಮಿಲಸನ ಎದೆಯ ಮೇಲೆ ಕೂತಂತಾಯಿತು.

ಆಗ ಲವೀನಾ ಚಮಚವನ್ನು ಬಾಯಿಯವರೆಗೆ ಒಯ್ದವಳು ಹಾಗೇ ತಡೆದಳು. ಮೂಸಿದಳು. ಎದ್ದು ಅಡುಗೆಮನೆಗೆ ಹೋದಳು. ಡಬ್ಬದ ಮುಚ್ಚಳ ಕಟ್ಟೆಯ ಮೇಲೆ ಬಿದ್ದ ಸದ್ದು ಕೇಳಿದಾಗಲೇ ಕ್ಯಾಮಿಲಸನಿಗೆ ಎಲ್ಲ ಅರ್ಥವಾಯಿತು. ಓಡಿಹೋಗಲು ಜಾಗ ಇರಲಿಲ್ಲ, ಸ್ವಂತ ಮನೆ.

ಅವಳು ಖಾಲಿ ಡಬ್ಬ ತಂದು ಹೂವಿನ ಪಕ್ಕದಲ್ಲಿ ಇಟ್ಟಳು. ಹಿಮ ಕರಗಿದ ನೀರಿನ ಕಲೆ ಅದರ ಮೈಮೇಲೆ ಇನ್ನೂ ಇತ್ತು.

"ಎಷ್ಟು ಹಾಕಿದ್ರಿ?"

"ಪೂರ್ತಿ," ಎಂದ ಕ್ಯಾಮಿಲಸ್.

ಏನಾಯಿತೆಂದು ಮಾರ್ಸೆಲಾ ಕೇಳಿದಳು. ಅದು ಗ್ರ್ಯಾನಿ ಮಾಡಿದ ಪುಡಿ, ಗ್ರ್ಯಾನಿ ಈಗ ಇಲ್ಲ, ಇನ್ನು ಆ ಪುಡಿಯೂ ಇಲ್ಲ ಎಂದು ಆನ್ ಮರಿಯಾ ಇಂಗ್ಲಿಷಿನಲ್ಲಿ ಮೆಲ್ಲಗೆ ತಿಳಿಸಿದಳು. ಮಾರ್ಸೆಲಾ ದೂರ ಸರಿಸಿದ್ದ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡು, ಕೆಮ್ಮುತ್ತಾ, ನೀರು ಕುಡಿಯುತ್ತಾ, ಕೊನೆಯ ಸಿಗಡಿಯವರೆಗೆ ತಿಂದಳು.

ಲವೀನಾಳೂ ತಿಂದಳು. ಆ ಸಿಹಿ, ಆ ವಿನೆಗರು, ಆ ಹುಣಸೆ, ಇವೆಲ್ಲದರ ಅಡಿಯಲ್ಲಿ ಎಲ್ಲೋ ಅಮ್ಮನ ಅಂಗಳ ಇತ್ತು. ಆರು ತಿಂಗಳಿನಿಂದ ಬಾರದ ಕಣ್ಣೀರು ಧಾರೆಧಾರೆಯಾಗಿ ತಟ್ಟೆಗೆ ಇಳಿಯಿತು. ಕ್ಯಾಮಿಲಸ್ ಏನೋ ಹೇಳಲು ಬಾಯಿ ತೆರೆದ.

"ಆವತ್ತು ಮಾತಾಡ್ಬೇಕಿತ್ತು ನೀವು, ಆಫೀಸಿನಲ್ಲಿ," ಎಂದಳು ಲವೀನಾ. "ಈಗ ಬೇಡ. ಊಟ ಮಾಡಿ."

ಅವನು ಊಟ ಮಾಡಿದ.

ಅತಿಥಿ ಹೋದ ಮೇಲೆ ಲವೀನಾ ಪಾತ್ರೆಯಲ್ಲಿ ಉಳಿದಿದ್ದ ಸಾರನ್ನೆಲ್ಲ ಸೋಸಿದಳು. ಮನೆಯಲ್ಲಿದ್ದ ಐಸ್ ಟ್ರೇಗಳು ಸಾಲದೆ ಪಕ್ಕದ ಮನೆಯ ಹಲೀಮಳಿಂದಲೂ ತಂದು, ಒಂದೊಂದು ಗುಳಿಗೂ ತುಂಬಿಸಿ ಫ್ರೀಜರಿನಲ್ಲಿ ಜೋಡಿಸಿದಳು. ಏನು ಮಾಡುತ್ತಿದ್ದೀ ಎಂದು ಕ್ಯಾಮಿಲಸ್ ಹೆದರುತ್ತಾ ಕೇಳಿದಾಗ, "ಅಮ್ಮನದ್ದು ಬಿಸಾಡ್ಲಿಕ್ಕೆ ಉಂಟಾ?" ಎಂದಳು.

ಅಂದಿನಿಂದ ಆ ಮನೆಯ ಪ್ರತಿ ಸಾರಿಗೂ ಒಂದು ತುಂಡು ಬೀಳತೊಡಗಿತು. ಬಂಗುಡೆ ಸಾರು ಸಿಹಿ. ಕೋಳಿ ಸುಕ್ಕ ಸಿಹಿ. ಬೇಳೆ ಸಾರಿನಲ್ಲೂ ಸಿಗಡಿ ವಾಸನೆಯ ಸಿಹಿ. ಬಡಿಸಿ ಎದುರಿಗೆ ಕೂತು, ಮುಖದಲ್ಲಿ ಯಾವ ಭಾವವೂ ಇಲ್ಲದೆ, ಹೇಗುಂಟು ಎಂದು ಲವೀನಾ ಕೇಳುವಳು. ಚೆನ್ನಾಗುಂಟು ಎಂದು ಕ್ಯಾಮಿಲಸ್ ಹೇಳುವನು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಹಿರಿಯರು ಹೇಳಿದ್ದಾರೆ. ಸಕ್ಕರೆ ಸುರಿದವನು ಏನು ಕುಡಿಯಬೇಕೆಂದು ಹೇಳಿಲ್ಲ.

ಕೊನೆಗೂ ಪಟ್ಟಿ ಬಂತು. ಅದರಲ್ಲಿ ಮಾರ್ಸೆಲಾಳ ಹೆಸರೂ ಇರಲಿಲ್ಲ, ಕ್ಯಾಮಿಲಸನ ಹೆಸರೂ ಇರಲಿಲ್ಲ. ಓಡೋಡಿ ಮನೆಗೆ ಬಂದು ಏದುಸಿರಿನಲ್ಲಿ ಸುದ್ದಿ ಮುಟ್ಟಿಸಿದ: ನೌಕರಿ ಉಳಿಯಿತು, ಊರಿಗೆ ಹೋಗಬೇಕಾಗಿಲ್ಲ.

ಲವೀನಾ ಫ್ರೀಜರ್ ತೆರೆದು ಒಮ್ಮೆ ಒಳಗೆ ನೋಡಿದಳು.

"ಒಳ್ಳೆದಾಯ್ತು," ಎಂದಳು. "ಇನ್ನೂ ಆರು ಟ್ರೇ ಉಂಟು."