ಬಾಯಿ ಬಿಡದ ಒಂಬತ್ತನೇ ಕ್ಲಾಸು

ಎಲ್ಲಕ್ಕೂ ಮೂಲ, ಲೆಕ್ಕದ ಮೇಷ್ಟ್ರು ಬೆಳಗ್ಗೆ ಚಹಾ ಹೀರುತ್ತ ಕೊಟ್ಟ ಒಂದು ಸಲಹೆ.

“ಪರೀಕ್ಷಕರು ಬರೋದು ಹನ್ನೊಂದಕ್ಕೆ. ಮೊದಲ ಪೀರಿಯಡ್ಡಲ್ಲೇ ಅದೇ ಪಾಠ ಒಂದು ಸಲ ಮಾಡಿಬಿಡಿ. ಮಕ್ಕಳೂ ಪಳಗ್ತವೆ, ನಿಮ್ಮ ನಾಲಗೇನೂ ಪಳಗತ್ತೆ.”

“ಮೊದಲೇ ಮಾಡಿದ ಪಾಠ ತೋರಿಸೋ ಹಾಗಿಲ್ಲವಲ್ಲ ಸಾರ್. ಹೊಸದೇ ಆಗಬೇಕಂತೆ.”

“ಹೇಳೋರು ಯಾರು, ಗೋಡೇನಾ?”

ಈ ಸಲಹೆ ಬಿದ್ದದ್ದು ಗಿರಣಿ ಮೇಷ್ಟ್ರ ಕಿವಿಗೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಲೈಸೆನ್ಸಿಗಾಗಿ ಅವರು ಆರು ತಿಂಗಳಿಂದ ಈ ಶಾಲೆಯಲ್ಲಿ ತರಬೇತಿಗಿದ್ದರು. ಬೆಳಗಿನ ಜಾವ ಎದ್ದು ಭಾವನ ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊತ್ತು, ಎಷ್ಟು ತೊಳೆದರೂ ಹುಬ್ಬಿನ ಮೇಲೊಂದಿಷ್ಟು ಹಿಟ್ಟು ಉಳಿಸಿಕೊಂಡೇ ಶಾಲೆಗೆ ಬರುತ್ತಿದ್ದರು. ಪರೀಕ್ಷಕರೆದುರಿನ ಪಾಠದಲ್ಲಿ ಎರಡು ಸಲ ನಪಾಸಾಗಿತ್ತು. ಮೂರನೆಯದೇ ಕೊನೆ. ಇದೂ ಕೈಕೊಟ್ಟರೆ ಬದುಕಿರುವಷ್ಟು ದಿನ ಮೂಟೆಯೇ ಗತಿ. ಹೊರಡುವಾಗ ಹೆಂಡತಿ, “ನಾಳೆಯಿಂದ ನೀವು ಬರಲ್ಲ ಅಂತ ಅಣ್ಣನಿಗೆ ಹೇಳಿಬಿಡ್ಲಾ?” ಎಂದು ಕೇಳಿದ್ದಳು. “ಸಂಜೆ ತನಕ ತಡಿಯೇ” ಎಂದು ಬಂದಿದ್ದರು.

ಸರಿ, ಮೊದಲ ಪೀರಿಯಡ್ಡಿನಲ್ಲೇ ಒಂಬತ್ತನೇ ಕ್ಲಾಸಿಗೆ ಪಾಠ ನಡೆಯಿತು. ವಿಷಯ, ಆರೋಪಿಯ ಹಕ್ಕುಗಳು. ಡ್ರಿಲ್ ಮೇಷ್ಟ್ರು ಕರೆಯದಿದ್ದರೂ ಬಂದು ಪೊಲೀಸ್ ಆದರು. ಸೀಟಿ ಊದಿ, ಮೀಸೆ ತಿರುವಿ, ಕಿಟಕಿ ಗಾಜು ಒಡೆದವರು ಯಾರೆಂದು ಗದರಿದರು.

“ಹೆದರಬೇಡಿ” ಎಂದರು ಗಿರಣಿ ಮೇಷ್ಟ್ರು. “ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಯಾರನ್ನೂ ಒತ್ತಾಯ ಮಾಡೋ ಹಾಗಿಲ್ಲ. ಆರೋಪಿ ಸುಮ್ಮನಿರಬಹುದು. ಅದು ಅವನ ಹಕ್ಕು.”

‘ಸುಮ್ನಿರು’ ಎಂಬ ಬೈಗುಳ ಕೇಳಿಯೇ ಬೆಳೆದ ಮಕ್ಕಳಿಗೆ, ಸುಮ್ಮನಿರುವುದು ಹಕ್ಕೂ ಹೌದೆಂದು ತಿಳಿದದ್ದು ಅಂದೇ. ಹೊಸ ಮೇವು ಕಂಡ ಕರುಗಳಂತೆ ನಲವತ್ತು ಜೊತೆ ಕಿವಿ ನಿಮಿರಿದವು.

ಎರಡನೇ ಪೀರಿಯಡ್ಡಿಗೆ ಹೋದ ಲೆಕ್ಕದ ಮೇಷ್ಟ್ರು ಹತ್ತೇ ನಿಮಿಷಕ್ಕೆ ಒಲೆ ಮೇಲಿನ ಹಾಲಿನಂತೆ ಉಕ್ಕುತ್ತ ಹಿಂತಿರುಗಿದರು.

“ಹೋಮ್‌ವರ್ಕ್ ಮಾಡದೇ ಇರೋರು ಎದ್ದು ನಿಲ್ಲಿ ಅಂದೆ, ಒಬ್ಬರೂ ಏಳಲಿಲ್ಲ. ಮಾಡಿದೋರು ತೋರಿಸಿ ಅಂದೆ, ಅದೂ ಇಲ್ಲ. ಕೊನೆಗೆ ಆ ಎರಡು ಜಡೆ ಹುಡುಗಿ, ‘ಎದ್ದು ನಿಂತ್ರೆ ಸಾಕ್ಷಿ ಹೇಳಿದ ಹಾಗಾಗತ್ತೆ ಸಾರ್’ ಅಂತಾಳೆ. ಏನ್ರೀ ಕಲಿಸಿದ್ರಿ ಅವಕ್ಕೆ?”

“ಪಳಗಿಸಿ ಅಂದೋರು ನೀವೇ ಅಲ್ವಾ ಸಾರ್.”

ಬಿಡುವಿನ ವೇಳೆಗೆ ಹಕ್ಕು ಮೈದಾನಕ್ಕಿಳಿದು, ಕಣ್ಣುಬೇನೆಯಂತೆ ಎಂಟನೇ ಕ್ಲಾಸಿಗೂ ಹತ್ತನೇ ಕ್ಲಾಸಿಗೂ ಅಂಟಿತು. ನಲ್ಲಿ ತೆರೆದಿಟ್ಟು ಬಂದವರು ಯಾರೆಂದು ಹೆಡ್‌ಮೇಡಂ ವರಾಂಡದಲ್ಲಿ ವಿಚಾರಿಸಿದರೆ, ಇಡೀ ಶಾಲೆ ತುಟಿ ಹೊಲಿದುಕೊಂಡು ನಿಂತಿತು. ಅವರು ಜವಾನನನ್ನು ಕೇಳಿದರು. ಯಾವುದಕ್ಕೂ ಇರಲಿ ಎಂದು ಅವನೂ ಸುಮ್ಮನಿದ್ದ.

“ಮೇಷ್ಟ್ರೇ, ಹನ್ನೊಂದಕ್ಕೂ ಇವು ಬಾಯಿ ಬಿಡದಿದ್ರೆ ನಿಮ್ಮ ಲೈಸೆನ್ಸು ಗೋವಿಂದ.”

“ಬಿಡ್ತವೆ ಮೇಡಂ” ಎಂದರು ಗಿರಣಿ ಮೇಷ್ಟ್ರು. ಹುಬ್ಬಿನ ಹಿಟ್ಟು ಬೆವರಿಗೆ ಕಲಸಿ ಕಣಕವಾಗುತ್ತಿತ್ತು.

ಬಿಡಲಿಲ್ಲ. ಪರೀಕ್ಷಕರು ಹಿಂದಿನ ಬೆಂಚಿನಲ್ಲಿ ಕೂತು ಕನ್ನಡಕ ಏರಿಸಿದರು. ಗಿರಣಿ ಮೇಷ್ಟ್ರು ಇದೇ ಮೊದಲೆಂಬಂತೆ, “ಮಕ್ಕಳೇ, ಆರೋಪಿ ಅಂದ್ರೆ ಯಾರು?” ಎಂದರು. ಯಾರೂ ಉಸಿರೆತ್ತಲಿಲ್ಲ. ಕಿಟಕಿಯಾಚೆ ನಿಂತಿದ್ದ ಡ್ರಿಲ್ ಮೇಷ್ಟ್ರು ಹುರಿದುಂಬಿಸಲೆಂದು ಸೀಟಿ ಊದಿದರು. ಪೊಲೀಸ್ ಬಂದರೆಂದು ಮಕ್ಕಳು ಇನ್ನಷ್ಟು ಬಿಗಿಯಾದರು.

ಪರೀಕ್ಷಕರೇ ಎದ್ದು ಮುಂದಿನ ಬೆಂಚಿಗೆ ಬಂದರು. “ಏನಮ್ಮ, ನಿನ್ನ ಹೆಸರೇನು?”

ಎರಡು ಜಡೆಯ ಹುಡುಗಿ ಯೋಚಿಸಿದಳು. “ಹೇಳಲೇಬೇಕಾ ಸಾರ್, ಇಲ್ಲಾ ಸುಮ್ನಿರೋ ಹಕ್ಕಿದೆಯಾ?”

ಪರೀಕ್ಷಕರು ಹೊಟ್ಟೆ ಕುಣಿಯುವಂತೆ ನಕ್ಕರು. “ಪಾಠ ಒಪ್ಪಿಸೋ ಮಕ್ಕಳನ್ನ ಇಪ್ಪತ್ತೆರಡು ವರ್ಷದಿಂದ ನೋಡಿದೀನಿ. ಪಾಠದ ಹಾಗೆ ನಡ್ಕೊಳ್ಳೋ ಮಕ್ಕಳನ್ನ ಇವತ್ತೇ ನೋಡಿದ್ದು” ಎಂದು ನೂರಕ್ಕೆ ತೊಂಬತ್ತೆಂಟು ಬರೆದರು. ಗಿರಣಿ ಮೇಷ್ಟ್ರಿಗೆ ಹೆಗಲ ಮೂಟೆಯೆಲ್ಲ ಹತ್ತಿಯಾಗಿ ಹಾರಿಹೋದಂತಾಯಿತು.

“ಕೊನೇ ಕಾಲಂ ಒಂದಿದೆ.” ಪರೀಕ್ಷಕರ ಪೆನ್ನು ನಿಂತಿತು. “ಅಲ್ಲ, ನೀವಿನ್ನೂ ಪಾಠ ಶುರುವೇ ಮಾಡಿಲ್ಲ, ಇವರಿಗೆ ಆಗಲೇ ಬಂದುಬಿಟ್ಟಿದೆ. ಇದನ್ನ ಮೊದಲೇ ಮಾಡಿದ್ರಾ?”

ಹೌದೆಂದರೆ ನಪಾಸು. ಇಲ್ಲವೆಂದರೆ ನಲವತ್ತು ಮಕ್ಕಳೆದುರು ಸುಳ್ಳು. ಮುಂದಿನ ಬೆಂಚಿನಿಂದ ಪಿಸುಮಾತು ಬಂತು: “ಸುಮ್ನಿರಿ ಸಾರ್. ನಿಮಗೂ ಹಕ್ಕಿದೆ.”

ಹೌದಲ್ಲ. ಮೇಷ್ಟ್ರು ಎದೆಯೆತ್ತಿ, ತುಟಿ ಬಿಗಿದು, ನೆಟ್ಟ ಕಂಬದಂತೆ ನಿಂತರು.

ಪರೀಕ್ಷಕರು ಕಾದರು. ಗಡಿಯಾರ ನೋಡಿಕೊಂಡರು. ಮತ್ತೆ ಕಾದರು. ಆಮೇಲೆ “ಮೌನಂ ಸಮ್ಮತಿ ಲಕ್ಷಣಂ” ಎಂದು ಗೊಣಗಿ, ಕಾಲಂನಲ್ಲಿ ‘ಹೌದು’ ಎಂದು ಬರೆದು, ತೊಂಬತ್ತೆಂಟರ ಮೇಲೆ ಉದ್ದಕ್ಕೆ ಗೀಟೆಳೆದರು.

“ಸಾರ್, ಸುಮ್ಮನಿರೋದು ಹಕ್ಕಲ್ವಾ?” ಎಂದರು ಮೇಷ್ಟ್ರು.

“ಹಕ್ಕು ಆರೋಪಿಗೆ, ಮೇಷ್ಟ್ರೇ. ನೀವು ಅರ್ಜಿದಾರರು.”

ನಲವತ್ತು ಮಕ್ಕಳು ತಲೆ ಬಗ್ಗಿಸಿ, ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.