ಮೂವತ್ತೇಳನೇ ನಂಬರಿನ ಗುಮಾಸ್ತ

ಆವತ್ತಿನ ರಾದ್ಧಾಂತಕ್ಕೆಲ್ಲ ಕಾರಣ ಹೆಂಡತಿಯ ಸ್ಕೂಟರು. ಅದೊಂದು ಕೆಟ್ಟು ನಿಂತಿದ್ದರೆ ವಾಯಿದೆ ವಕೀಲರು ಪ್ರತಿವರ್ಷದಂತೆ ಬೆಳಗಿನ ಆಟಕ್ಕೆ ಹೋಗಿ, ಚಿತ್ರಮಂದಿರದ ಮೂಲೆಯ ಕುರ್ಚಿಯಲ್ಲಿ ಹಾಯಾಗಿ ಗೊರಕೆ ಹೊಡೆದು ಬರುತ್ತಿದ್ದರು. ಟಿಕೆಟ್ಟು ಹಿಂದಿನ ದಿನವೇ ಜೇಬು ಸೇರಿತ್ತು. ಆದರೆ ತಿಂಗಳುಗಟ್ಟಲೆ ಕೆಮ್ಮುತ್ತ ಕೂತಿದ್ದ ಆ ಹಾಳು ಸ್ಕೂಟರು ಆವತ್ತೇ ಒಂದೇ ಒದೆತಕ್ಕೆ ಚಾಲೂ ಆಗಬೇಕೆ!

"ರೀ, ಹತ್ತಿ. ಕ್ಲಾಸಿಗೆ ನಾನೇ ಬಿಟ್ಟು ಬರ್ತೀನಿ."

"ನಿಂಗ್ಯಾಕೆ ಸುಮ್ನೆ ತೊಂದರೆ? ನಾನು ನಡ್ಕೊಂಡೇ..."

"ತೊಂದರೆ ಏನ್ ಬಂತು? ನಮ್ಮಣ್ಣನ ಕಾರ್ಖಾನೆ ಉಳೀಬೇಕೋ ಬೇಡ್ವೋ? ಹತ್ತಿ ಅಂದೆ."

ವಕೀಲರು ಹತ್ತಿದರು. ಹತ್ತದೆ ಏನು ಮಾಡುತ್ತಾರೆ?

ಈ ವಾಯಿದೆ ಅನ್ನುವುದು ಕೋರ್ಟಿನ ಜನ ಇಟ್ಟ ಅಡ್ಡಹೆಸರು. ಯಾವ ಕೇಸು ಬಂದರೂ ಎದ್ದು ನಿಂತು, "ಸ್ವಾಮಿ, ಇನ್ನೊಂದು ತಾರೀಕು ಕೊಡಬೇಕು" ಎಂದು ವಾಯಿದೆ ಕೇಳುವುದೊಂದೇ ಅವರು ಸ್ವಂತ ಬುದ್ಧಿಯಿಂದ ಮಾಡುತ್ತಿದ್ದ ಕೆಲಸ. ಮಿಕ್ಕಿದ್ದೆಲ್ಲ ಗುಮಾಸ್ತನದು. ಅರ್ಜಿ ಬರೆಯುವವನು ಅವನು, ಕಾನೂನು ಹುಡುಕುವವನು ಅವನು. ವಾದ ಮಾಡುವಾಗ ವಕೀಲರ ಬೆನ್ನ ಹಿಂದೆ ನಿಂತು ಪಿಸುಗುಟ್ಟುವವನೂ ಅವನೇ.

ದಿವಾಳಿ ಮತ್ತು ಸಾಲ ವಸೂಲಿ ಕೇಸು ನಡೆಸುವ ವಕೀಲರು ವರ್ಷಕ್ಕೆ ಹನ್ನೆರಡು ಗಂಟೆ ಪಾಠ ಕೇಳಲೇಬೇಕು, ಇಲ್ಲದಿದ್ದರೆ ಸನ್ನದು ಅಮಾನತು ಎಂದು ವಕೀಲರ ಪರಿಷತ್ತು ನಿಯಮ ಮಾಡಿ ಹತ್ತು ವರ್ಷವಾಗಿತ್ತು. ಹತ್ತು ವರ್ಷದಿಂದಲೂ ಅವರ ಹೆಸರಿನಲ್ಲಿ, ಅವರ ಹಳೇ ಕೋಟು ತೊಟ್ಟು, ಅವರ ಗುರುತಿನ ಚೀಟಿ ಹಿಡಿದು ಪಾಠ ಕೇಳಿದವನು ಗುಮಾಸ್ತನೇ. ಅದಕ್ಕೆ ಪ್ರತಿಯಾಗಿ ಮರುದಿನ ಅವನಿಗೆ ರಜಾ. ಮನೆಯಲ್ಲಿ ಮಾತ್ರ ವಕೀಲರು ಆವತ್ತು ಸಂಜೆ ಸೊಂಟ ಹಿಡಿದುಕೊಂಡು, "ಅಬ್ಬಬ್ಬಾ, ಕೂತೂ ಕೂತೂ ಸಾಕಾಯ್ತು ಕಣೇ" ಎನ್ನುತ್ತಿದ್ದರು.

ಈ ಸಲ ಆರು ಗಂಟೆ ಮುಗಿದಿತ್ತು, ಇನ್ನಾರು ಬಾಕಿ. ಇವತ್ತೇ ಕೊನೆಯ ದಿನ. ನಾಳೆ ಬೆಳಿಗ್ಗೆ ಹತ್ತೂವರೆಗೆ ಹೆಂಡತಿಯ ಅಣ್ಣನ ಕೊಡೆ ಕಾರ್ಖಾನೆಯ ದಿವಾಳಿ ಕೇಸು. ಸಾಲ ಕೊಟ್ಟವರು ಬೀಗ ಹಿಡಿದು ಕಾಯುತ್ತಿದ್ದರು. ಸನ್ನದು ಹೋದರೆ ಭಾವನ ಪರವಾಗಿ ನಿಲ್ಲುವಂತಿಲ್ಲ, ನಿಲ್ಲದಿದ್ದರೆ ಕಾರ್ಖಾನೆಯ ಬಾಗಿಲು ಮುಚ್ಚುತ್ತದೆ, ಮುಚ್ಚಿದರೆ ಹೆಂಡತಿ ಮನೆಯ ಬಾಗಿಲು ತೆಗೆಯುವುದಿಲ್ಲ. ಲೆಕ್ಕ ಇಷ್ಟು ಸರಳವಾಗಿತ್ತು.

ಸಭಾಂಗಣದ ಮೆಟ್ಟಿಲ ಮುಂದೆ ಅವರನ್ನು ಇಳಿಸಿ ಹೆಂಡತಿ, "ನಾನು ಎದುರುಗಡೆ ಹೊಲಿಗೆ ಅಂಗಡೀಲಿ ಇರ್ತೀನಿ. ನಮ್ಮ ಗೆಳತಿದೇ ಅಂಗಡಿ. ಕಿಟಕಿಯಿಂದ ಬಾಗಿಲು ಚೆನ್ನಾಗಿ ಕಾಣುತ್ತೆ" ಎಂದಳು. ಕೊನೆಯ ಮಾತನ್ನು ಒತ್ತಿಯೇ ಹೇಳಿದಳು.

ಆಗ ವಕೀಲರಿಗೆ ನೆನಪಾಯಿತು. ಬರಬೇಡ ಎಂದು ಗುಮಾಸ್ತನಿಗೆ ಹೇಳುವುದನ್ನೇ ಮರೆತಿದ್ದರು.

"ನಂಬರು?" ಎಂದ ಹಾಜರಿ ಪುಸ್ತಕದವನು.

"ಮೂವತ್ತೇಳು."

"ಮೂವತ್ತೇಳು ಆಗಲೇ ಒಳಗೆ ಕೂತಿದ್ದಾರಲ್ರೀ! ಹತ್ತು ವರ್ಷದಿಂದ ನೋಡ್ತಿದೀನಿ, ಒಂದು ಗಂಟೆ ತಪ್ಪಿಸಿದೋರಲ್ಲ. ನೀವ್ಯಾರು?"

ಮೇಜಿನ ಹಿಂದೆ ಗೋಡೆಗೆ ದೊಡ್ಡದೊಂದು ನೋಟೀಸು ಅಂಟಿಸಿದ್ದರು: ತಮ್ಮ ಬದಲು ಬೇರೆಯವರನ್ನು ಕಳಿಸಿದ ವಕೀಲರ ಸನ್ನದು ಮೂರು ವರ್ಷ ರದ್ದು. ಹಿಂದಕ್ಕೆ ತಿರುಗಿದರೆ ಹೊಲಿಗೆ ಅಂಗಡಿಯ ಕಿಟಕಿಯಲ್ಲಿ ಹೆಂಡತಿಯ ಮುಖ. ಹೊರಗೂ ಹೋಗುವಂತಿಲ್ಲ, ಒಳಗೂ ಬಿಡುತ್ತಿಲ್ಲ. ಮೈಮೇಲೆ ಕೋಟೂ ಇಲ್ಲ. ಒಂದು ಕೋಟು ನಾಳೆಗಾಗಿ ಇಸ್ತ್ರಿಗೆ ಹೋಗಿತ್ತು, ಇನ್ನೊಂದು ಗುಮಾಸ್ತನ ಮೈಮೇಲಿತ್ತು. ಬಗಲಲ್ಲಿ ಒಂದು ಹಳೇ ಚೀಲ ಮಾತ್ರ.

"ನಾನು... ಅವರ ಗುಮಾಸ್ತ" ಎಂದುಬಿಟ್ಟರು.

"ಹಂಗೆ ಹೇಳಿ ಮತ್ತೆ! ಮುಖ ನೋಡಿದ ಕೂಡ್ಲೆ ಅಂದ್ಕೊಂಡೆ. ಹೋಗಿ, ಅವರ ಹಿಂದೆ ನಿಂತ್ಕೊಳ್ಳಿ. ಕುರ್ಚಿ ವಕೀಲರಿಗೆ ಮಾತ್ರ."

ಒಳಗೆ ಕಾಲಿಟ್ಟರೆ ಇನ್ನೊಂದು ತಮಾಷೆ. ಕಪ್ಪು ಕೋಟಿನ ಸುಮಾರು ಇಪ್ಪತ್ತು ಮಂದಿ ಅವರನ್ನು ಕಂಡದ್ದೇ ಗಡಬಡಿಸಿ ಅರ್ಧ ಎದ್ದರು. ಎದ್ದವರು ಏನೋ ಜ್ಞಾಪಕ ಬಂದು ಮತ್ತೆ ಕೂತರು. ವಕೀಲರು ಕಣ್ಣರಳಿಸಿ ನೋಡಿದರು. ಎಲ್ಲ ಪರಿಚಯದ ಮುಖಗಳೇ, ಆದರೆ ಒಬ್ಬನೂ ವಕೀಲನಲ್ಲ. ಪಕ್ಕದ ಕಚೇರಿಯ ಗುಮಾಸ್ತ, ಮಹಡಿ ಮೇಲಿನ ಕಚೇರಿಯ ಬೆರಳಚ್ಚು ಹೆಂಗಸು, ಹಿರಿಯ ವಕೀಲರೊಬ್ಬರ ಕಾರಿನ ಚಾಲಕ! ಅರ್ಧ ಸಭೆ ಹೀಗೇ ತುಂಬಿತ್ತು, ಮಿಕ್ಕರ್ಧ ಅವರ ಮುಖ ಕಂಡಿರದ ಪರಊರಿನ ವಕೀಲರು. ಪರವಾಗಿಲ್ಲ, ನಾನೊಬ್ಬನೇ ಸೋಮಾರಿ ಅಲ್ಲ ಎಂದು ಅವರಿಗೆ ಒಂದು ಗಳಿಗೆ ಸಮಾಧಾನವೂ ಆಯಿತು.

ಮೂವತ್ತೇಳನೇ ಕುರ್ಚಿಯಲ್ಲಿ ಕೂತಿದ್ದ ಗುಮಾಸ್ತ ಯಜಮಾನರನ್ನು ಕಂಡು ಬಿಳಿಚಿಕೊಂಡ.

"ಸಾರ್, ನೀವಿಲ್ಲಿ?"

"ಶ್! ಸಾರ್ ಅನ್ಬೇಡ ಕಣಯ್ಯ. ಇವತ್ತು ನಾನು ನಿನ್ನ ಗುಮಾಸ್ತ. ನೀನು ಎದ್ದು ಹೋಗು, ನಾನು ಕೂತ್ಕೋತೀನಿ."

"ಆಗಲ್ಲ ಸಾರ್. ಮೇಡಂ ಆಗಲೇ ಒಬ್ಬೊಬ್ಬರನ್ನೂ ನಿಲ್ಲಿಸಿ ಪರಿಚಯ ಮಾಡ್ಕೊಂಡ್ರು. ಹೆಸರು ನೆನಪಿರಲ್ವಂತೆ, ಮುಖ ಮಾತ್ರ ಒಂದ್ಸಲ ನೋಡಿದ್ರೆ ಸಾಯೋವರೆಗೂ ಮರೆಯಲ್ವಂತೆ."

ಮೇಡಂ ಎಂದರೆ ಪಾಠ ಹೇಳಲು ಹೊರಗಿನಿಂದ ಬಂದಿದ್ದ ದಪ್ಪ ಕನ್ನಡಕದ ಹೆಂಗಸು. ಈ ಊರಿಗೆ ಹೊಸಬರು. ಪಿಸುಪಿಸು ಮಾತು ಕೇಳಿ ಅವರ ಕನ್ನಡಕ ಈ ಕಡೆ ತಿರುಗಿತು.

"ಮೂವತ್ತೇಳು, ಯಾರ್ರೀ ಅದು ನಿಮ್ಮ ಕಿವಿ ಕಚ್ತಿರೋದು?"

ಗುಮಾಸ್ತ ಎದ್ದು ಕೋಟು ಸರಿಮಾಡಿಕೊಂಡ. "ನಮ್ಮ ಗುಮಾಸ್ತ, ಮೇಡಂ. ಸ್ವಲ್ಪ ಮಂದ. ಆದರೆ ನಂಬಿಕಸ್ಥ."

"ಹೌದಾ? ಹಾಗಾದ್ರೆ ಎಲ್ಲರಿಗೂ ನೀರು ಕೊಡೋಕೆ ಹೇಳಿ. ಸುಮ್ಮನೆ ನಿಂತಿರೋದ್ಯಾಕೆ?"

ಹೀಗೆ ಇಪ್ಪತ್ತೆರಡು ವರ್ಷ ವಕೀಲಿ ಮಾಡಿದವರು ಕೈಯಲ್ಲಿ ತಟ್ಟೆ ಹಿಡಿದು ನಲವತ್ತು ಲೋಟ ನೀರು ಹಂಚಿದರು. ಕಾರಿನ ಚಾಲಕನಂತೂ ಎರಡು ಸಲ ಕೇಳಿ ಕುಡಿದ.

ಆದರೆ ಪಾಠ ಶುರುವಾದ ಮೇಲೆ ವಕೀಲರು ಬೆಪ್ಪಾಗಿ ನಿಂತುಬಿಟ್ಟರು. ಮೇಡಂ ಏನು ಕೇಳಿದರೂ ಈ ಕಳ್ಳ ವಕೀಲರು ಪಟಪಟನೆ ಉತ್ತರ ಹೇಳುತ್ತಿದ್ದರು. ಗುಮಾಸ್ತನಂತೂ ಸರಿಯೇ ಸರಿ. ದಿವಾಳಿಯಾದವನ ಹೊಲಿಗೆ ಯಂತ್ರ ಜಪ್ತಿ ಮಾಡಬಹುದೇ ಎಂದು ಕೇಳಿದರೆ, "ದುಡಿಮೆಯ ಸಲಕರಣೆ ಮುಟ್ಟೋ ಹಾಗಿಲ್ಲ ಮೇಡಂ" ಎಂದ. ಮೊದಲು ಯಾರ ಬಾಕಿ ತೀರಿಸಬೇಕು ಎಂದು ಕೇಳಿದಾಗ ಅರ್ಧ ಸಭೆ ಒಟ್ಟಿಗೆ ಎದ್ದು ನಿಂತು, "ಕೆಲಸದವರ ಸಂಬಳ!" ಎಂದು ಕೂಗಿತು. ಅಷ್ಟು ಆವೇಶ ಯಾಕೆಂದು ಮೇಡಂಗೆ ತಿಳಿಯಲಿಲ್ಲ. ವಕೀಲರಿಗೆ ತಿಳಿಯಿತು. ಗುಮಾಸ್ತನಿಗೆ ಕೊಡಬೇಕಿದ್ದ ಮೂರು ತಿಂಗಳ ಸಂಬಳ ನೆನಪಾಗಿ ಅವರು ಲೋಟ ಎಣಿಸತೊಡಗಿದರು.

ಮಧ್ಯಾಹ್ನ ಊಟದ ಪೊಟ್ಟಣ ಬಂತು. ವಕೀಲರಿಗೆ ಮಾತ್ರ ಎಂದು ಎಣಿಸಿ ತಂದಿದ್ದರು. ಗುಮಾಸ್ತ ಪಾಪ, ಅರ್ಧ ಉಳಿಸಿ ಕೊಡುತ್ತೇನೆ ಎಂದವನು ಪಕ್ಕದವರ ಜತೆ ಕಾನೂನು ಚರ್ಚೆ ಮಾಡುತ್ತ ಮಾಡುತ್ತ ಪೂರ್ತಿ ತಿಂದುಬಿಟ್ಟ.

"ಕ್ಷಮಿಸಿ ಸಾರ್. ವಕೀಲರಾದ್ರೆ ಇಷ್ಟು ಹಸಿವಾಗುತ್ತೆ ಅಂತ ಗೊತ್ತಿರಲಿಲ್ಲ."

ಹೊಟ್ಟೆ ತಾಳ ಹಾಕುತ್ತಿರುವಾಗಲೇ ಮೇಡಂ ಕೈತಟ್ಟಿದರು. "ಈಗ ಒಂದು ಅಣಕು ಕೋರ್ಟು ಮಾಡೋಣ. ಮೂವತ್ತೇಳು ಸಾಲಗಾರನ ವಕೀಲರು. ಈ ಕಡೆಯವರೆಲ್ಲ ಸಾಲ ಕೊಟ್ಟವರು. ದಿವಾಳಿಯಾದ ಸಾಲಗಾರ ಯಾರಾಗ್ತೀರಿ?"

ಯಾರೂ ಒಪ್ಪಲಿಲ್ಲ. ಸುಳ್ಳುಸುಳ್ಳೇ ಆದರೂ ದಿವಾಳಿ ಅನ್ನಿಸಿಕೊಳ್ಳುವುದಕ್ಕೆ ಯಾರಿಗೆ ಆಸೆ? ಮೇಡಂ ಕನ್ನಡಕದೊಳಗಿಂದ ಸಭೆಯನ್ನೆಲ್ಲ ಜಾಲಾಡಿ ವಕೀಲರ ಮೇಲೆ ಕಣ್ಣು ನೆಟ್ಟರು. "ಅದೋ, ಆ ನೀರಿನ ಗುಮಾಸ್ತ! ಬಾಪ್ಪಾ ಮುಂದೆ. ನೋಡಿ ಎಲ್ಲರೂ, ದಿವಾಳಿಯಾದವನ ಮುಖ ಅಂದ್ರೆ ಹಿಂಗಿರಬೇಕು."

ಅವರನ್ನು ಸ್ಟೂಲಿನ ಮೇಲೆ ನಿಲ್ಲಿಸಿದರು. ಮೊದಲು ಆಸ್ತಿಯ ಪಟ್ಟಿಯಾಗಬೇಕಲ್ಲ, ಜೇಬು ಖಾಲಿ ಮಾಡಿಸಿದರು. ಒಂದು ಪೆನ್ನು, ಒಂದು ಬಾಚಣಿಗೆ, ಸ್ವಲ್ಪ ಚಿಲ್ಲರೆ, ಒಂದು ಸಿನಿಮಾ ಟಿಕೆಟ್ಟು ಹೊರಬಿತ್ತು.

"ಇವತ್ತಿನ ಬೆಳಗಿನ ಆಟದ್ದು!" ಎಂದು ಮೇಡಂ ಟಿಕೆಟ್ಟನ್ನು ಎತ್ತಿ ತೋರಿಸಿದರು. "ಯಜಮಾನರು ಇಲ್ಲಿ ಕೂತು ಕಷ್ಟಪಟ್ಟು ಪಾಠ ಕೇಳ್ತಿದ್ರೆ ಗುಮಾಸ್ತಂಗೆ ಸಿನಿಮಾ ಖಯಾಲಿ! ನಾಚಿಕೆ ಆಗಲ್ವೇನಪ್ಪಾ?"

"ಆಗುತ್ತೆ ಮೇಡಂ" ಎಂದರು ವಕೀಲರು. ಆ ದಿನ ಅವರು ಆಡಿದ ಏಕೈಕ ನಿಜ ಅದು.

ಪೆನ್ನು ಗುಮಾಸ್ತನ ದುಡಿಮೆಯ ಸಲಕರಣೆ ಎಂದು ಬಿಟ್ಟರು. ಬಾಚಣಿಗೆಯ ಮೇಲೆ ಮಾತ್ರ ಘನಘೋರ ವಾದ ನಡೆಯಿತು. ಬೆರಳಚ್ಚು ಹೆಂಗಸು ಎದ್ದು, "ಸಾಲಗಾರನ ತಲೆ ಪೂರ್ತಿ ಬೋಳಾಗಿದೆ ಮೇಡಂ. ಈ ಬಾಚಣಿಗೆ ಅವಶ್ಯಕ ವಸ್ತು ಅಲ್ಲ, ಶುದ್ಧ ಆಡಂಬರ. ಜಪ್ತಿ ಮಾಡಬೇಕು" ಎಂದಳು. ಗುಮಾಸ್ತ ಬಿಡಲಿಲ್ಲ. "ನನ್ನ ಕಕ್ಷಿದಾರರ ಕಿವಿಯ ಪಕ್ಕ ಇನ್ನೂ ಹದಿನಾಲ್ಕು ಕೂದಲಿವೆ. ಅವುಗಳ ಭವಿಷ್ಯ ಏನು?" ಎಂದು ಗುಡುಗಿದ. ಸಭೆಯೇ ಚಪ್ಪಾಳೆ ತಟ್ಟಿತು. ಸ್ಟೂಲಿನ ಮೇಲೆ ನಿಂತಿದ್ದ ವಕೀಲರ ಕಣ್ಣೂ ಒದ್ದೆಯಾಯಿತು. ಜೀವನದಲ್ಲಿ ತಮ್ಮ ಪರವಾಗಿ ಇಷ್ಟು ಚೆನ್ನಾಗಿ ಯಾರೂ ಮಾತಾಡಿರಲಿಲ್ಲ, ತಾವೂ ಯಾರ ಪರವಾಗಿಯೂ ಆಡಿರಲಿಲ್ಲ.

ಬಾಚಣಿಗೆ ಉಳಿಯಿತು.

ಐದು ಗಂಟೆಗೆ ಪ್ರಮಾಣಪತ್ರ ಹಂಚಿದರು. ಗುರುತಿನ ಚೀಟಿ ನೋಡಿಯೇ ಕೊಡುತ್ತಿದ್ದರು. ಆದರೆ ಚೀಟಿಯಲ್ಲಿದ್ದದ್ದು ಇಪ್ಪತ್ತು ವರ್ಷದ ಹಿಂದಿನ ಫೋಟೊ, ತಲೆ ತುಂಬ ಗುಂಗುರು ಕೂದಲು. ಅಂಥದೇ ಕೂದಲು ಈಗ ಗುಮಾಸ್ತನಿಗಿತ್ತು. ಹಾಜರಿಯವನು ಫೋಟೊ ನೋಡಿ, ಗುಮಾಸ್ತನನ್ನು ನೋಡಿ, "ಹತ್ತು ವರ್ಷದಿಂದ ಹಿಂಗೇ ಇದೀರಲ್ರೀ!" ಎಂದ.

"ಮೂವತ್ತೇಳು, ಮೊದಲನೇ ಸ್ಥಾನ!" ಎಂದು ಮೇಡಂ ಘೋಷಿಸಿದರು.

ವಕೀಲರಿಗೆ ಹೋದ ಜೀವ ಬಂದಂತಾಯಿತು. ಸನ್ನದು ಉಳಿಯಿತು, ಭಾವನ ಕಾರ್ಖಾನೆ ಉಳಿಯಿತು, ಮನೆ ಬಾಗಿಲೂ ಉಳಿಯಿತು. ಕುಣಿಯುವುದೊಂದು ಬಾಕಿ. ಗುಮಾಸ್ತನ ಕೋಟಿನ ಚುಂಗು ಹಿಡಿದು ಬೇಗ ಬಾ ಎಂದು ಎಳೆಯುತ್ತಿದ್ದಾಗ ಮೇಡಂ ಹಿಂದಿನಿಂದ ಕರೆದರು.

"ಮೂವತ್ತೇಳು, ಒಂದು ನಿಮಿಷ. ಇನ್ನೂ ಯಾರಿಗೂ ಹೇಳಿಲ್ಲ. ನಾಳೆಯಿಂದ ಇಲ್ಲಿನ ದಿವಾಳಿ ಕೋರ್ಟಿಗೆ ನಾನೇ ನ್ಯಾಯಾಧೀಶೆ. ಮೊದಲನೇ ಕೇಸೇ ಯಾವುದೋ ಕೊಡೆ ಕಾರ್ಖಾನೆದು. ಪ್ರಮಾಣಪತ್ರಕ್ಕೆ ಸಹಿ ಹಾಕೋವಾಗ ನೋಡಿದೆ, ಕೇಸಿನ ಪಟ್ಟೀಲೂ ಇದೇ ಹೆಸರಿತ್ತಪ್ಪ! ನಿಮ್ಮ ವಾದ ಕೇಳೋಕೆ ಕಾಯ್ತಿರ್ತೀನಿ." ಆಮೇಲೆ ಕನ್ನಡಕ ಸರಿಮಾಡಿಕೊಂಡು ವಕೀಲರ ಕಡೆ ಬೆರಳು ತೋರಿಸಿದರು. "ಈತನ್ನೂ ಕರ್ಕೊಂಡ್ಬನ್ನಿ. ಈ ಮುಖ ಮಾತ್ರ ನಾನು ಜನ್ಮದಲ್ಲಿ ಮರೆಯಲ್ಲ."

ಇಬ್ಬರೂ ಮೆಟ್ಟಿಲಿಳಿದರು. ಕಂಬದ ಮರೆಯಲ್ಲಿ ನಿಂತು ಗುಮಾಸ್ತ ಕೋಟು ಕಳಚಿ, ಮಡಿಸಿ, ಮೇಲೆ ಪ್ರಮಾಣಪತ್ರವಿಟ್ಟು ಯಜಮಾನರ ಕೈಗೆ ಕೊಟ್ಟ.

"ನಾಳೆ ಏನಯ್ಯಾ ಮಾಡೋದು?" ಎಂದರು ವಕೀಲರು.

"ನಾಳೆ ನಂಗೆ ರಜಾ ಅಲ್ವಾ ಸಾರ್? ಕ್ಲಾಸಿಗೆ ಬಂದಿದ್ದಕ್ಕೆ ನೀವೇ ಕೊಟ್ಟಿರೋದು" ಎಂದ ಗುಮಾಸ್ತ ಬಿರಬಿರನೆ ನಡೆದು ಮೂಲೆ ತಿರುಗಿಬಿಟ್ಟ.

ಅಷ್ಟರಲ್ಲಿ ಹೆಂಡತಿ ರಸ್ತೆ ದಾಟಿ ಬಂದಳು, ಜತೆಗೆ ಕೊಡೆ ಕಾರ್ಖಾನೆಯ ಭಾವ. ಪ್ರಮಾಣಪತ್ರ ಕಿತ್ತುಕೊಂಡು ಓದಿ ಇಬ್ಬರ ಮುಖವೂ ಅರಳಿತು.

"ಮೊದಲನೇ ಸ್ಥಾನ! ನೋಡ್ದ್ಯಾ ಅಣ್ಣ, ನಾನು ಹೇಳಿರಲಿಲ್ವಾ?"

ಭಾವ ವಕೀಲರನ್ನು ಅವುಚಿಕೊಂಡೇಬಿಟ್ಟ. "ನಿಮ್ಮನ್ನ ಇಷ್ಟು ದಿನ ಏನೇನೋ ಅಂದ್ಕೊಂಡಿದ್ದೆ ಭಾವ, ತಪ್ಪಾಯ್ತು. ನಾಳೆ ಕಾರ್ಖಾನೆಗೆ ರಜಾ ಕೊಟ್ಟು ಮನೆಯೋರು, ಕೆಲಸದೋರು ಎಲ್ಲರೂ ಬರ್ತೀವಿ. ಮುಂದಿನ ಸಾಲಲ್ಲೇ ಕೂರ್ತೀವಿ ನಿಮ್ಮ ವಾದ ಕೇಳೋಕೆ!"

"ಅದೂ... ನಾಳೆ ಒಂದು ವಾಯಿದೆ ತಗೊಂಡ್ರೆ ಹೇಗೆ ಅಂತ..." ಎಂದು ಶುರುಮಾಡಿದ ವಕೀಲರು ಅಲ್ಲಿಗೇ ತಡೆದು ನಿಂತರು. ವಾಯಿದೆ ಕೇಳಬೇಕಾದರೂ ಮುಖ ಮರೆಯದ ಆ ಮೇಡಂ ಮುಂದೆ ಎದ್ದು ನಿಲ್ಲಬೇಕಲ್ಲ!